ಕೆಲಸದ ನಡುವೆ ಬರುವ ಕರೆ

ಗಣಕಯಂತ್ರದ ಮುಂದೆ ಕುಳಿತು, ಬೆರಳಚ್ಚು ಚೆನ್ನಾಗಿ ಬಲ್ಲವರೊಬ್ಬರು ಕೀಲಿಗಳನ್ನು ಒತ್ತುತ್ತಿದ್ದಾರೆಂದು ಭಾವಿಸೋಣ. ಸೆಕೆಂಡಿಗೆ ೫ ಕೀಲಿಗಳೆಂದರೆ ಸಾಕಷ್ಟು ವೇಗವೇ ಸರಿ. ಹಾಗಾದರೆ ಒಂದು ಕೀಲಿಗೂ ಮುಂದಿನ ಕೀಲಿಗೂ ನಡುವೆ ಸಿಕ್ಕುವ ಕಾಲ ಸೆಕೆಂಡಿನ ಐದರಲ್ಲೊಂದು ಪಾಲು. ನಮಗೆ ಇದು ಕಣ್ಣು ಮಿಟುಕಿಸುವಷ್ಟು ಹೊತ್ತು. ಆದರೆ ಸೆಕೆಂಡಿಗೆ ೩೦೦ ಕೋಟಿ ಮಿಡಿತಗಳ ಲೆಕ್ಕದಲ್ಲಿ ನಡೆಯುವ ಪ್ರೊಸೆಸರಿಗೆ ಅಷ್ಟರೊಳಗೆ ೬೦ ಕೋಟಿ ಮಿಡಿತಗಳು ಕಳೆದುಹೋಗಿರುತ್ತವೆ. ಈ ಕಾಲವನ್ನೆಲ್ಲ ಅದು "ಮುಂದಿನ ಕೀಲಿ ಬಂತೆ? ಬಂತೆ?" ಎಂದು ಕೇಳುತ್ತಲೇ ಕಳೆಯಬೇಕೆ? ಅಥವಾ ಬೇರೊಂದು ಕೆಲಸದಲ್ಲಿ ತೊಡಗಿದ್ದು, ಕೀಲಿ ಬಂದಾಗ ಮಾತ್ರ ಇತ್ತ ತಿರುಗಬಹುದೆ?

ಈ ಎರಡು ಪದ್ಧತಿಗಳೂ ನಮ್ಮ ಅಡಿಗೆಯ ಮನೆಯಲ್ಲಿಯೇ ಇವೆ. ಒಲೆಯ ಮೇಲೆ ಹಾಲಿಟ್ಟವರು ಅದನ್ನು ಬಿಟ್ಟು ಕದಲುವಂತಿಲ್ಲ. ಮತ್ತೆ ಮತ್ತೆ ಪಾತ್ರೆಯೊಳಗೆ ನೋಡುತ್ತಲೇ ಇರಬೇಕು. ಕುಕ್ಕರಿನಲ್ಲಿ ಅಕ್ಕಿಯಿಟ್ಟವರಾದರೋ ತರಕಾರಿ ಹೆಚ್ಚುತ್ತಿರಬಹುದು. ಸೀಟಿ ಕೇಳಿದಾಗ ಎದ್ದು ಹೋದರಾಯಿತು. ಗಣಕಶಾಸ್ತ್ರದಲ್ಲಿ ಮೊದಲನೆಯ ಪದ್ಧತಿಗೆ ಪೋಲಿಂಗ್ ಎಂದು ಹೆಸರು. ಎರಡನೆಯದರಲ್ಲಿ ಸೀಟಿಯ ಸ್ಥಾನದಲ್ಲಿ ಇರುವ ವಿದ್ಯುತ್ ಸಂಜ್ಞೆಗೆ ಇಂಟರಪ್ಟ್ ಎಂದು ಹೆಸರು. ಕೀಲಿಮಣೆ, ಗಡಿಯಾರ, ಡಿಸ್ಕು, ಜಾಲದಿಂದ ಸಂದೇಶಗಳನ್ನು ತರುವ ಕಾರ್ಡು - ಇವುಗಳಲ್ಲಿ ಯಾವುದಕ್ಕೆ ಪ್ರೊಸೆಸರಿನ ಗಮನ ಬೇಕಾದರೂ ಅದು ಇಂಟರಪ್ಟನ್ನು ಕಳುಹಿಸುತ್ತದೆ. ಪ್ರೊಸೆಸರು ಕೈಯಲ್ಲಿದ್ದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಕರೆದವರ ಕೆಲಸವನ್ನು ಮಾಡಿ, ನಿಂತಲ್ಲಿಂದ ಮತ್ತೆ ಮುಂದುವರಿಯುತ್ತದೆ. ಈ ಕರೆಗಳನ್ನೆಲ್ಲ ಸ್ವೀಕರಿಸಿ ವಿಲೇವಾರಿ ಮಾಡುವ ಹೊಣೆ ಆಪರೇಟಿಂಗ್ ಸಿಸ್ಟಂ ಎಂಬ ಮೂಲ ತಂತ್ರಾಂಶದ ಒಳತಿರುಳಿಗೆ ಸೇರಿದ್ದು. ಆ ತಿರುಳನ್ನೇ ಕರ್ನೆಲ್ ಎಂದು ಕರೆಯುತ್ತಾರೆ.

ಹೇಳುವುದಕ್ಕೆ ಇದು ಸುಲಭ. ಆದರೆ "ನಿಂತಲ್ಲಿಂದ ಮತ್ತೆ ಮುಂದುವರಿಯುತ್ತದೆ" ಎಂಬ ಮಾತನ್ನು ವಾಚಕರು ಸ್ವಲ್ಪ ತಡೆದು ನೋಡಬೇಕು. ಶಾನುಭೋಗರೊಬ್ಬರು ಉದ್ದವಾದ ಲೆಕ್ಕವನ್ನು ಕೂಡುತ್ತಿದ್ದಾರೆ. ಬಿಡಿಸ್ಥಾನವನ್ನು ಕೂಡಿ ಮುಗಿಸಿದ್ದಾರೆ. ಹತ್ತರ ಸ್ಥಾನಕ್ಕೆ ಒಯ್ಯಬೇಕಾದ ದಶಕವೊಂದು ಅವರ ಮನಸ್ಸಿನಲ್ಲಿದೆ. ಆ ಕ್ಷಣದಲ್ಲಿ ಯಾರೋ ಬಾಗಿಲಿಗೆ ಬಂದು ಕೂಗುತ್ತಾರೆ. ಶಾನುಭೋಗರು ಎದ್ದು ಹೋಗುವ ಮೊದಲು ಲೆಕ್ಕದ ಪುಸ್ತಕದಲ್ಲಿ ಬೆರಳಿಟ್ಟು ಪುಟವನ್ನು ಗುರುತಿಸಿಕೊಂಡರೆ ಸಾಲದು. ಮನಸ್ಸಿನಲ್ಲಿದ್ದ ಆ ದಶಕವನ್ನೂ ಎಲ್ಲಿಯಾದರೂ ಬರೆದಿಡಬೇಕು. ಮರೆತರೆ, ಅವರು ಹಿಂದಿರುಗಿ ಬಂದು ಸರಿಯಾದ ಪುಟದಲ್ಲಿ, ಸರಿಯಾದ ಸಾಲಿನಲ್ಲಿಯೇ ಕೆಲಸವನ್ನು ಮುಂದುವರಿಸಿದರೂ ಮೊತ್ತ ತಪ್ಪುತ್ತದೆ. ತಪ್ಪಿದೆಯೆಂಬ ಸುಳಿವು ಸಹ ಅವರಿಗೆ ಇರುವುದಿಲ್ಲ.

ಈ ದಶಕದ ಉದಾಹರಣೆ ಕೇವಲ ಅಲಂಕಾರವಲ್ಲ. ಪ್ರೊಸೆಸರಿನೊಳಗೆ ನಿಜವಾಗಿಯೇ ದಶಕಕ್ಕೆ ಸಮಾನವಾದ ಒಂದು ಸಂಜ್ಞೆ ಇದೆ. ದೊಡ್ಡ ಸಂಖ್ಯೆಗಳನ್ನು ತುಂಡು ತುಂಡಾಗಿ ಕೂಡುವಾಗ ಒಂದು ತುಂಡಿನಿಂದ ಮುಂದಿನದಕ್ಕೆ ಒಯ್ಯಬೇಕಾದ ಒಂದನ್ನು ಅದು ತಾತ್ಕಾಲಿಕವಾಗಿ ಹಿಡಿದಿಡುತ್ತದೆ. ಮೊದಲ ತುಂಡನ್ನು ಕೂಡಿದ ಮೇಲೆ, ಎರಡನೆಯದನ್ನು ಕೂಡುವುದಕ್ಕೆ ಮುಂಚೆ ಇಂಟರಪ್ಟ್ ಬಂದು, ಅದನ್ನು ವಿಚಾರಿಸುವ ಭಾಗವು ತನ್ನದೇ ಆದ ಯಾವುದೋ ಕೂಡಿಕೆಯನ್ನು ಮಾಡಿ ಆ ಸಂಜ್ಞೆಯನ್ನು ಅಳಿಸಿಬಿಟ್ಟರೆ, ಶಾನುಭೋಗರಿಗೆ ಆದ ಗತಿಯೇ ಆಗುತ್ತದೆ.

ಈ ಅಪಾಯವನ್ನು ಮೊದಲೇ ಕಂಡು ಬೆದರಿದವನೊಬ್ಬನ ಕಥೆ ಗಣಕಶಾಸ್ತ್ರದ ಚರಿತ್ರೆಯಲ್ಲಿ ಇದೆ. ೧೯೫೦ರ ದಶಕದಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದ ಗಣಿತಕೇಂದ್ರದಲ್ಲಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ತರುಣನು ಕೆಲಸ ಮಾಡುತ್ತಿದ್ದನು. ಲೈಡನ್ ವಿಶ್ವವಿದ್ಯಾನಿಲಯದಲ್ಲಿ ಸೈದ್ಧಾಂತಿಕ ಭೌತವಿಜ್ಞಾನವನ್ನು ಓದಿ ಬಂದವನು ಅವನು. (ಗಣಕಶಾಸ್ತ್ರಕ್ಕೆ ನಮ್ಮ ಶಾಸ್ತ್ರ ಕಳುಹಿಸಿಕೊಟ್ಟ ಉಡುಗೊರೆಗಳಲ್ಲಿ ಇದು ಚಿಕ್ಕದಲ್ಲ.) ಅಲ್ಲಿ ಯಂತ್ರಗಳನ್ನು ರಚಿಸುತ್ತಿದ್ದವರು ಲೋಪ್‌ಸ್ಟ್ರಾ ಮತ್ತು ಸ್ಖೋಲ್ಟೆನ್ ಎಂಬ ಅವನ ಗೆಳೆಯರು. ಯಂತ್ರದ ಮೇಲೆ ನಡೆಯಬೇಕಾದ ಕ್ರಮವಿಧಿಗಳನ್ನು ಬರೆಯುವುದು ಅವನ ಪಾಲಿಗೆ ಬಂದಿತ್ತು. ಹಿಂದಿನ ಯಂತ್ರಗಳಲ್ಲಿ ಟೈಪ್‌ರೈಟರಿನಂಥ ಉಪಕರಣಗಳು ಕೆಲಸವನ್ನು ಮುಗಿಸುವವರೆಗೆ ಪ್ರೊಸೆಸರು ಸುಮ್ಮನೆ ಕಾದಿರಬೇಕಾಗಿತ್ತು. ಇದರಿಂದ ಕಾಲ ವ್ಯರ್ಥವಾಗುತ್ತಿದ್ದುದನ್ನು ಕಂಡು, ಎಕ್ಸ್-೧ ಎಂಬ ಹೊಸ ಯಂತ್ರದಲ್ಲಿ ಇಂಟರಪ್ಟನ್ನು ಅಳವಡಿಸೋಣವೆಂದು ಆ ಗೆಳೆಯರು ಸೂಚಿಸಿದರು.

ಡೈಕ್‌ಸ್ಟ್ರಾ ಹಿಗ್ಗಲಿಲ್ಲ, ಗಾಬರಿಗೊಂಡನು. ಅದುವರೆಗೆ ಗಣಕಯಂತ್ರದ ದೊಡ್ಡ ಸುಗುಣವೆಂದರೆ ಒಂದೇ ಕ್ರಮವಿಧಿಯನ್ನು ಒಂದೇ ದತ್ತಾಂಶದೊಡನೆ ಎಷ್ಟು ಬಾರಿ ನಡೆಸಿದರೂ ಒಂದೇ ರೀತಿಯಲ್ಲಿ ನಡೆಯುತ್ತಿದ್ದುದು. ತಪ್ಪಿದ್ದರೆ ತಪ್ಪು ಸಹ ಪ್ರತಿ ಬಾರಿಯೂ ಅದೇ ಸ್ಥಾನದಲ್ಲಿ ತಲೆಹಾಕುತ್ತಿತ್ತು. ಆದಕಾರಣ ಹುಡುಕಿ ಹಿಡಿಯಬಹುದಾಗಿತ್ತು. ಇನ್ನು ಮುಂದೆ ಹಾಗಲ್ಲ. ಟೈಪ್‌ರೈಟರಿನ ಲೋಹದ ತೋಳು ಇಂದು ತುಸು ಬೇಗ, ನಾಳೆ ತುಸು ತಡವಾಗಿ ಕೆಲಸ ಮುಗಿಸೀತು. ಇಂಟರಪ್ಟ್ ಬೀಳುವ ಸ್ಥಾನವೂ ಅದಕ್ಕೆ ತಕ್ಕಂತೆ ಬದಲಾದೀತು. ಒಮ್ಮೆ ಕಂಡ ದೋಷ ಮತ್ತೆ ಕಾಣದೆ ಹೋದೀತು. ತಾನು ಬರೆದ ಕ್ರಮವಿಧಿಯಲ್ಲಿ ಇಂಥ ದೋಷ ಅಡಗಿದ್ದರೆ ಗತಿಯೇನು ಎಂಬುದು ಅವನ ಭೀತಿ.

ಗೆಳೆಯರು ಅವನನ್ನು ಹೊಗಳಿ, ಉಬ್ಬಿಸಿ, ಹೇಗೋ ಒಪ್ಪಿಸಿದರು. ಒಪ್ಪಿದ ಮೇಲೆ ಅವನು ಮಾಡಿದ ಮೊದಲನೆಯ ಕೆಲಸವು ಗಮನಾರ್ಹವಾದದ್ದು. ಯಂತ್ರದ ಸ್ಥಿತಿಯನ್ನು ಯಾವ ಕ್ಷಣದಲ್ಲಿ ತಡೆದರೂ ಅದನ್ನು ಪೂರ್ತಿಯಾಗಿ ಉಳಿಸಿ, ಏನೂ ನಡೆಯಲಿಲ್ಲವೋ ಎಂಬಂತೆ ಮತ್ತೆ ಕೂರಿಸುವುದು ಸಾಧ್ಯವೆ ಎಂಬುದನ್ನು ಸಾಧಿಸಿ ತೋರಿಸಲು ಹೊರಟನು. ಗೆಳೆಯರು ಕೊಟ್ಟ ಯೋಜನೆಯಂತೆ ಅದು ಸಾಧ್ಯವಿಲ್ಲವೆಂಬುದೇ ಸಾಧಿತವಾಯಿತು! ಯೋಜನೆ ವಿಫಲವಾಗುವ ಸಂದರ್ಭಗಳು ತೀರ ವಿರಳವಾದವು. ಆದರೂ ಯಂತ್ರದ ರಚನೆಯನ್ನೇ ತಿದ್ದಬೇಕಾಯಿತು. ೧೯೫೯ರಲ್ಲಿ ಅವನು ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದ ಮುಖ್ಯ ವಿಷಯ ಎಕ್ಸ್-೧ ಯಂತ್ರದ ಈ ಇಂಟರಪ್ಟುಗಳ ನಿರ್ವಹಣೆಯೇ. ಇದಾಗಿ ಏಳು ವರ್ಷಗಳಾದರೂ ಮಾರುಕಟ್ಟೆಗೆ ಬರುತ್ತಿದ್ದ ಹೊಸ ಯಂತ್ರಗಳ ಇಂಟರಪ್ಟ್ ವ್ಯವಸ್ಥೆಯಲ್ಲಿ ದೋಷಗಳು ತನ್ನ ಕಣ್ಣಿಗೆ ಬೀಳುತ್ತಲೇ ಇದ್ದುವೆಂದು ಅವನು ಮುಂದೆ ಬರೆದಿದ್ದಾನೆ.

ವಿರಳವಾದ ದೋಷವನ್ನು ಪ್ರಯೋಗದಿಂದಲೇ ಏಕೆ ಹಿಡಿಯಬಾರದು ಎಂದು ಕೆಲವರು ಕೇಳಬಹುದು. ಒಂದು ಚಿಕ್ಕ ಲೆಕ್ಕದಿಂದ ಉತ್ತರ ಸಿಕ್ಕುತ್ತದೆ. ಕರ್ನೆಲ್ ಯಾವುದೋ ಒಂದು ಎಣಿಕೆಯನ್ನು ಸ್ಮೃತಿಯಲ್ಲಿ ಇಟ್ಟುಕೊಂಡಿದೆ. ಈಗ ಅದು ೪೧. ಅದಕ್ಕೆ ಒಂದನ್ನು ಕೂಡಬೇಕು. ಪ್ರೊಸೆಸರು ಈ ಕೆಲಸವನ್ನು ಮೂರು ಹೆಜ್ಜೆಗಳಲ್ಲಿ ಮಾಡುವುದುಂಟು: ೪೧ನ್ನು ಸ್ಮೃತಿಯಿಂದ ತರುವುದು, ಒಂದನ್ನು ಕೂಡುವುದು, ೪೨ನ್ನು ಹಿಂದಕ್ಕೆ ಬರೆಯುವುದು. ತಂದ ಮೇಲೆ, ಬರೆಯುವುದಕ್ಕೆ ಮುಂಚೆ ಇಂಟರಪ್ಟ್ ಬಂತೆನ್ನೋಣ. ಅದರ ವಿಚಾರಣೆಯ ಭಾಗವೂ ಇದೇ ಎಣಿಕೆಗೆ ಒಂದನ್ನು ಕೂಡುತ್ತದೆ. ಸ್ಮೃತಿಯಲ್ಲಿ ಈಗ ೪೨. ಅನಂತರ ತಡೆಯಲ್ಪಟ್ಟ ಕೆಲಸವು ಮುಂದುವರಿದು, ತಾನು ಮೊದಲೇ ತಂದಿದ್ದ ೪೧ಕ್ಕೆ ಒಂದನ್ನು ಕೂಡಿ, ೪೨ನ್ನೇ ಮತ್ತೆ ಬರೆಯುತ್ತದೆ. ಎರಡು ಘಟನೆಗಳು ನಡೆದಿವೆ. ಎಣಿಕೆ ಒಂದೇ ಏರಿದೆ. ಇಲ್ಲಿ ಪ್ರೊಸೆಸರಿನ ಸ್ಥಿತಿಯನ್ನು ಅಚ್ಚುಕಟ್ಟಾಗಿ ಉಳಿಸಿ ಕೂರಿಸಿದರೂ ತಪ್ಪು ತಪ್ಪಲಿಲ್ಲ ಎಂಬುದನ್ನು ಗಮನಿಸಬೇಕು.

ತಪ್ಪಾಗಲು ಇಂಟರಪ್ಟ್ ಆ ಕಿರಿದಾದ ಬಾಗಿಲಿನೊಳಗೇ ಬೀಳಬೇಕು. ಬಾಗಿಲಿನ ಅಗಲ ೧ ನ್ಯಾನೊಸೆಕೆಂಡು, ಎಂದರೆ ಸೆಕೆಂಡಿನ ೧೦೦ ಕೋಟಿಯ ಒಂದು ಪಾಲು ಎಂದಿಟ್ಟುಕೊಳ್ಳೋಣ. ವಿಕಿರಣದ ಪ್ರಯೋಗಗಳಲ್ಲಿ ಎರಡು ಗುಣಕಗಳು ಅಕಸ್ಮಾತ್ತಾಗಿ ಒಟ್ಟಿಗೆ ಮಿಡಿಯುವ ಪ್ರಮಾಣವನ್ನು ಲೆಕ್ಕ ಹಾಕಿದ ವಿದ್ಯಾರ್ಥಿಗಳಿಗೆ ಸೂತ್ರ ನೆನಪಿರಬಹುದು: ಎರಡು ಘಟನೆಗಳ ದರಗಳನ್ನೂ ಬಾಗಿಲಿನ ಅಗಲವನ್ನೂ ಗುಣಿಸಿದರಾಯಿತು. ಎಣಿಕೆ ಸೆಕೆಂಡಿಗೆ ೧೦೦೦ ಸಲ, ಇಂಟರಪ್ಟ್ ಸೆಕೆಂಡಿಗೆ ೧೦೦೦ ಸಲ, ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುತ್ತಿದ್ದರೆ, ೧೦೦೦ ಸೆಕೆಂಡುಗಳಿಗೊಮ್ಮೆ, ಎಂದರೆ ಸುಮಾರು ೧೭ ನಿಮಿಷಗಳಿಗೊಮ್ಮೆ ತಪ್ಪಾಗುತ್ತದೆ. ಇದನ್ನು ಹಿಡಿಯಬಹುದು. ಎರಡೂ ದರಗಳು ಸೆಕೆಂಡಿಗೆ ೧೦ ಆಗಿದ್ದರೋ, ೧ ಕೋಟಿ ಸೆಕೆಂಡುಗಳಿಗೊಮ್ಮೆ. ಹೆಚ್ಚು ಕಡಿಮೆ ನಾಲ್ಕು ತಿಂಗಳಿಗೊಮ್ಮೆ. ಒಂದು ವಾರ ಯಂತ್ರವನ್ನು ಪರೀಕ್ಷಿಸಿ "ಸರಿಯಾಗಿದೆ" ಎಂದು ಮುದ್ರೆಯೊತ್ತಿದವನಿಗೆ ಇದು ಕಾಣುವುದೇ ಇಲ್ಲ. ಆದರೆ ಅಂಥ ಯಂತ್ರಗಳು ೧೦,೦೦೦ ಮಾರಾಟವಾದರೆ, ಎಲ್ಲಿಯೋ ಒಂದು ಕಡೆ ೧೭ ನಿಮಿಷಗಳಿಗೊಮ್ಮೆ ತಪ್ಪು ನಡೆಯುತ್ತಲೇ ಇರುತ್ತದೆ.

ಇದಕ್ಕೆ ಪರಿಹಾರವಿಲ್ಲದೆ ಇಲ್ಲ. ಆ ಮೂರು ಹೆಜ್ಜೆಗಳನ್ನು ಇಡುವಷ್ಟು ಹೊತ್ತು ಕರ್ನೆಲ್ ಇಂಟರಪ್ಟುಗಳಿಗೆ ಬಾಗಿಲು ಮುಚ್ಚಬಹುದು. ಇಂಟೆಲ್ ಪ್ರೊಸೆಸರುಗಳಲ್ಲಿ ಹೀಗೆ ಮುಚ್ಚಲು ಒಂದು, ತೆರೆಯಲು ಇನ್ನೊಂದು ಆದೇಶ ಉಂಟು. ಮುಚ್ಚಿದ ಬಾಗಿಲಿನಾಚೆ ಕರೆದವರು ಕಾಯುತ್ತಾರೆ. ಬಹಳ ಹೊತ್ತು ಮುಚ್ಚಿಟ್ಟರೆ ಜಾಲದ ಸಂದೇಶಗಳು ತುಂಬಿ ಚೆಲ್ಲಿಹೋಗುತ್ತವೆ. ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳಿರುವ ಇಂದಿನ ಯಂತ್ರಗಳಲ್ಲಿ ಒಂದರ ಬಾಗಿಲು ಮುಚ್ಚಿದರೆ ಮಿಕ್ಕವು ನಿಲ್ಲುವುದಿಲ್ಲ. ಅಲ್ಲಿ ಬೀಗಗಳೂ ಬೇಕು. ಆ ವಿಷಯ ಬೇರೊಂದು ಲೇಖನಕ್ಕೆ ತಕ್ಕದ್ದು.

ಇನ್ನು, ಕರೆ ಬಂದಾಗ ಪ್ರೊಸೆಸರಿನಲ್ಲಿ ವಾಸ್ತವವಾಗಿ ಏನು ನಡೆಯುತ್ತದೆಂಬುದನ್ನು ಇಂಟೆಲ್ ಮಾದರಿಯನ್ನು ಇಟ್ಟುಕೊಂಡು ನೋಡೋಣ. ಸ್ಮೃತಿಯಲ್ಲಿ ೦ಯಿಂದ ೨೫೫ರವರೆಗೆ ಸಂಖ್ಯೆಗಳುಳ್ಳ ಒಂದು ಕೋಷ್ಟಕವನ್ನು ಕರ್ನೆಲ್ ಮೊದಲೇ ಸಿದ್ಧಪಡಿಸಿಟ್ಟಿರುತ್ತದೆ. ಪ್ರತಿಯೊಂದು ಸಂಖ್ಯೆಯ ಎದುರಿಗೂ "ಈ ಕರೆ ಬಂದರೆ ಇಲ್ಲಿಗೆ ಹೋಗು" ಎಂಬ ವಿಳಾಸ. ಪ್ರೊಸೆಸರು ಸಾಮಾನ್ಯವಾಗಿ ಒಂದು ಆದೇಶವನ್ನು ಪೂರೈಸಿ ಮುಂದಿನದನ್ನು ಕೈಗೆತ್ತಿಕೊಳ್ಳುವ ಸಂಧಿಯಲ್ಲಿ ಕರೆಯನ್ನು ಸ್ವೀಕರಿಸುತ್ತದೆ. ಸ್ವೀಕರಿಸಿದೊಡನೆ, ಮುಂದಿನ ಆದೇಶದ ವಿಳಾಸವನ್ನೂ, ದಶಕವೇ ಮೊದಲಾದ ಸಂಜ್ಞೆಗಳನ್ನೂ, ಇನ್ನು ಕೆಲವು ವಿವರಗಳನ್ನೂ ಸ್ಟ್ಯಾಕ್ ಎಂಬ ಸ್ಮೃತಿಭಾಗದಲ್ಲಿ ತಾನೇ ಬರೆದಿಡುತ್ತದೆ. ಬಳಿಕ ಕೋಷ್ಟಕದಲ್ಲಿ ಸೂಚಿಸಿದ ಸ್ಥಳಕ್ಕೆ ನೆಗೆಯುತ್ತದೆ. ಲೆಕ್ಕದ ನಡುವಣ ಸಂಖ್ಯೆಗಳನ್ನು ಹಿಡಿದಿರುವ ಸಾಮಾನ್ಯ ರಿಜಿಸ್ಟರುಗಳನ್ನು ಮಾತ್ರ ಅದು ಮುಟ್ಟುವುದಿಲ್ಲ; ಅವನ್ನು ಉಳಿಸುವುದು ಕರ್ನೆಲ್ ಬರೆದವರ ಹೊಣೆ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಇದ್ದಂತೆಯೇ ಕೂರಿಸಿ, "ಹಿಂದಿರುಗು" ಎಂಬ ವಿಶೇಷ ಆದೇಶವನ್ನು ಕೊಟ್ಟರೆ ತಡೆದುನಿಂತ ಕ್ರಮವಿಧಿ ಮುಂದುವರಿಯುತ್ತದೆ.

ಕೋಷ್ಟಕದ ಮೊದಲ ೩೨ ಸ್ಥಾನಗಳು ಹೊರಗಿನ ಉಪಕರಣಗಳಿಗಲ್ಲ, ಪ್ರೊಸೆಸರಿನ ಸ್ವಂತ ಉಪಯೋಗಕ್ಕೆ ಮೀಸಲಾದವು. ಸೊನ್ನೆಯಿಂದ ಭಾಗಿಸಲು ಹೋದರೆ ೦ನೆಯ ಸ್ಥಾನಕ್ಕೂ, ಒಂದು ತಪ್ಪನ್ನು ವಿಚಾರಿಸಲು ಹೊರಟಾಗಲೇ ಇನ್ನೊಂದು ತಪ್ಪು ಒದಗಿದರೆ ೮ನೆಯ ಸ್ಥಾನಕ್ಕೂ ಅದು ಹೋಗುತ್ತದೆ. ಇಲ್ಲೊಂದು ತಮಾಷೆ ಇದೆ. ೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆ ತನ್ನ ಪಿ.ಸಿ.ಯನ್ನು ಹೊರತಂದಾಗ, ಆ ಸ್ಥಾನಗಳು ಮೀಸಲೆಂದು ಇಂಟೆಲ್ ಹೇಳಿದ್ದರೂ, ಗಡಿಯಾರದ ಇಂಟರಪ್ಟನ್ನು ೮ಕ್ಕೂ ಕೀಲಿಮಣೆಯದನ್ನು ೯ಕ್ಕೂ ಜೋಡಿಸಿತು. ಆಗ ಆ ಸ್ಥಾನಗಳು ಬರಿದಾಗಿದ್ದುದರಿಂದ ತೊಂದರೆಯಾಗಲಿಲ್ಲ. ಮುಂದಿನ ಪ್ರೊಸೆಸರುಗಳಲ್ಲಿ ಆ ಸ್ಥಾನಗಳಿಗೆ ಒಡೆಯರು ಬಂದರು. ಇಂದಿಗೂ, ಹಳೆಯ ಪಿ.ಸಿ.ಯನ್ನು ಅನುಕರಿಸುವ ತಂತ್ರಾಂಶದ ಮೇಲೆ ಸ್ವಂತವಾಗಿ ಒಂದು ಚಿಕ್ಕ ಕರ್ನೆಲ್ ಬರೆಯಲು ಹೊರಟ ವಿದ್ಯಾರ್ಥಿ ಇಂಟರಪ್ಟುಗಳಿಗೆ ಬಾಗಿಲು ತೆರೆದೊಡನೆ "ತಪ್ಪಿನ ಮೇಲೆ ತಪ್ಪು" ಎಂಬ ವರದಿಯನ್ನು ಕಂಡು ಕಂಗಾಲಾಗುತ್ತಾನೆ. ಅವನ ಕ್ರಮವಿಧಿಯಲ್ಲಿ ತಪ್ಪೇನೂ ನಡೆದಿರುವುದಿಲ್ಲ. ಗಡಿಯಾರ ಒಮ್ಮೆ ಟಿಕ್ ಎಂದಿರುತ್ತದೆ, ಅಷ್ಟೆ. ನಿಜವಾದ ತಪ್ಪು ಸಂಭವಿಸಿದಾಗ ಪ್ರೊಸೆಸರು ಸ್ಟ್ಯಾಕಿನಲ್ಲಿ ಹೆಚ್ಚಿನದೊಂದು ಸಂಖ್ಯೆಯನ್ನು ಇಡುತ್ತದೆ, ಗಡಿಯಾರದ ಕರೆಗೆ ಇಡುವುದಿಲ್ಲ. ಇಲ್ಲದ ಸಂಖ್ಯೆಯನ್ನು ತೆಗೆಯಲು ಹೋದ ಅವನ ಕ್ರಮವಿಧಿ ಹಿಂದಿರುಗಬೇಕಾದ ವಿಳಾಸವನ್ನೇ ಕಳೆದುಕೊಳ್ಳುತ್ತದೆ. ಗಡಿಯಾರ ಮತ್ತು ಕೀಲಿಮಣೆಗಳನ್ನು ಬೇರೆ ಸ್ಥಾನಗಳಿಗೆ ವರ್ಗಾಯಿಸುವುದೇ ಇದಕ್ಕೆ ಮದ್ದು.

ಅದು ಸರಿಹೋದ ಮೇಲೆ ಇನ್ನೊಂದು ವಿಚಿತ್ರ ಕಾದಿರುತ್ತದೆ. ಮೊದಲನೆಯ ಕೀಲಿ ಸರಿಯಾಗಿ ಮೂಡುತ್ತದೆ. ಎರಡನೆಯದು ಮೂಡುವುದೇ ಇಲ್ಲ. ಕರೆಗಳನ್ನು ಸರದಿಯಲ್ಲಿ ನಿಲ್ಲಿಸುವ ನಿಯಂತ್ರಕಕ್ಕೆ "ಈ ಕರೆಯ ವಿಚಾರಣೆ ಮುಗಿಯಿತು" ಎಂದು ಹೇಳಬೇಕು. ಹೇಳದಿದ್ದರೆ, ಮೊದಲನೆಯದೇ ಇನ್ನೂ ನಡೆಯುತ್ತಿದೆಯೆಂದು ಅದು ತಿಳಿದು, ಅದೇ ದರ್ಜೆಯ ಮತ್ತು ಕೆಳದರ್ಜೆಯ ಕರೆಗಳನ್ನೆಲ್ಲ ತಡೆದು ನಿಲ್ಲಿಸುತ್ತದೆ. ರುಜು ಹಾಕಿದ ರಸೀತಿ ಬಾರದೆ ಮುಂದಿನ ರಿಜಿಸ್ಟರ್ಡ್ ಲಕೋಟೆಯನ್ನು ಕೊಡದ ಅಂಚೆಯವನ ಹಾಗೆ.

ವಿಚಾರಣೆ ಚುಟುಕಾಗಿರಬೇಕೆಂಬುದು ಕರ್ನೆಲ್ ಬರೆಯುವವರ ಸಾಮಾನ್ಯ ನಿಯಮ. ಕರೆ ಬಂದಾಗ ಅತ್ಯಗತ್ಯವಾದದ್ದನ್ನು ಮಾತ್ರ ಮಾಡಿ, ಉಳಿದದ್ದನ್ನು ಚೀಟಿ ಬರೆದಿಟ್ಟು, ಬಾಗಿಲು ತೆರೆದ ಮೇಲೆ ನಿಧಾನವಾಗಿ ಪೂರೈಸುತ್ತಾರೆ. ಆದರೂ ಕರೆಗಳೇ ಮಿತಿಮೀರಿ ಬಂದರೆ ಪ್ರೊಸೆಸರಿನ ಕಾಲವೆಲ್ಲ ಕರೆಗಳನ್ನು ಸ್ವೀಕರಿಸುವುದರಲ್ಲಿಯೇ ಕಳೆದುಹೋಗಿ, ಸ್ವೀಕರಿಸಿದ ಯಾವ ಸಂದೇಶವೂ ಗುರಿ ಮುಟ್ಟದೆ ಹೋಗಬಹುದು. ಈ ಸ್ಥಿತಿಯನ್ನೂ ಅದರ ಪರಿಹಾರವನ್ನೂ ಜೆಫ್ರಿ ಮೊಗುಲ್ ಎಂಬವರೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಕೆ. ಕೆ. ರಾಮಕೃಷ್ಣನ್ ಅವರೂ ೧೯೯೬ರಲ್ಲಿ ಪ್ರಕಟಿಸಿದರು. ಪರಿಹಾರ ಸೊಗಸಾದದ್ದು: ಮೊದಲನೆಯ ಕರೆ ಬಂದೊಡನೆ ಆ ಉಪಕರಣದ ಕರೆಗಳನ್ನು ಮುಚ್ಚಿ, ಬಂದು ರಾಶಿಬಿದ್ದಿರುವುದನ್ನು ಪೋಲಿಂಗ್ ಪದ್ಧತಿಯಿಂದ ತೆಗೆದುಕೊಂಡು, ರಾಶಿ ಕರಗಿದ ಮೇಲೆ ಮತ್ತೆ ಕರೆಗೆ ಅವಕಾಶ ಕೊಡುವುದು. ಹತ್ತು ಕುಕ್ಕರುಗಳು ಒಟ್ಟಿಗೆ ಕೂಗತೊಡಗಿದರೆ ಪ್ರತಿ ಸೀಟಿಗೂ ಓಡುವುದಕ್ಕಿಂತ ಒಲೆಯ ಬಳಿಯೇ ನಿಲ್ಲುವುದು ಜಾಣತನವಲ್ಲವೆ!

ಇದುವರೆಗೆ ನೋಡಿದ್ದು ಹೊರಗಿನ ಕರೆಗಳನ್ನು. ಈಗ ಒಳಗಿನ ಒಂದು ಕರೆಯನ್ನು ನೋಡೋಣ. ಕೋಷ್ಟಕದ ೧ ಮತ್ತು ೩ನೆಯ ಸ್ಥಾನಗಳನ್ನು ಇಂಟೆಲ್ ಸಂಸ್ಥೆಯವರು ೧೯೭೮ರ ೮೦೮೬ ಪ್ರೊಸೆಸರಿನಿಂದ ಮೊದಲುಗೊಂಡು ದೋಷಶೋಧನೆಗೆಂದೇ ಬಿಟ್ಟುಕೊಟ್ಟಿದ್ದಾರೆ. ನಡೆಯುತ್ತಿರುವ ಕ್ರಮವಿಧಿಯನ್ನು ಬೇಕಾದ ಸ್ಥಳದಲ್ಲಿ ತಡೆದು, ಅದರ ಒಳಗನ್ನೆಲ್ಲ ನೋಡಿ, ಮತ್ತೆ ಮುಂದಕ್ಕೆ ಬಿಡುವ ಸಾಧನಕ್ಕೆ ಡಿಬಗರ್ ಎಂದು ಹೆಸರು. ಏನೂ ನಡೆಯಲಿಲ್ಲವೋ ಎಂಬಂತೆ ತಡೆದು ಮುಂದುವರಿಸುವ ಶಕ್ತಿ ಇಂಟರಪ್ಟಿಗೆ ಈಗಾಗಲೇ ಇದೆಯಷ್ಟೆ. ಡಿಬಗರು ಅದನ್ನೇ ಎರವಲು ಪಡೆಯುತ್ತದೆ.

ಅದು ನಡೆಯುವ ಬಗೆ ಹೀಗೆ. ತಡೆಯಬೇಕಾದ ಆದೇಶದ ಮೊದಲನೆಯ ಬೈಟನ್ನು ಡಿಬಗರು ಬೇರೆಡೆ ಬರೆದಿಟ್ಟುಕೊಂಡು, ಅದರ ಜಾಗದಲ್ಲಿ ೨೦೪ ಎಂಬ ಸಂಖ್ಯೆಯನ್ನು ಕೂರಿಸುತ್ತದೆ. ಇಂಟೆಲ್ ಪ್ರೊಸೆಸರಿನ ಭಾಷೆಯಲ್ಲಿ ೨೦೪ ಎಂದರೆ "೩ನೆಯ ಸ್ಥಾನಕ್ಕೆ ಹೋಗು" ಎಂದರ್ಥ. ಇದಕ್ಕೆ ಬ್ರೇಕ್‌ಪಾಯಿಂಟ್ ಎನ್ನುತ್ತಾರೆ. ಪ್ರೊಸೆಸರು ಅಲ್ಲಿಗೆ ಬಂದು ೨೦೪ನ್ನು ಕಂಡೊಡನೆ ಸ್ಥಿತಿಯನ್ನು ಉಳಿಸಿ ಕರ್ನೆಲ್ಲಿಗೆ ನೆಗೆಯುತ್ತದೆ. ಕರ್ನೆಲ್ ಡಿಬಗರಿಗೆ ತಿಳಿಸುತ್ತದೆ. ನಾವು ರಿಜಿಸ್ಟರುಗಳನ್ನೂ ಸ್ಮೃತಿಯನ್ನೂ ಸಾವಕಾಶವಾಗಿ ಪರಿಶೀಲಿಸಬಹುದು. ಮುಂದುವರಿಸುವುದು ಮಾತ್ರ ತುಸು ತೊಡಕಿನದು. ಮೂಲ ಬೈಟನ್ನು ಹಿಂದಕ್ಕೆ ಇಡಬೇಕು. ಪ್ರೊಸೆಸರು ೨೦೪ನ್ನು ದಾಟಿ ಒಂದು ಬೈಟು ಮುಂದೆ ನಿಂತಿರುವುದರಿಂದ ಉಳಿಸಿಟ್ಟ ವಿಳಾಸದಲ್ಲಿ ಒಂದನ್ನು ಕಳೆಯಬೇಕು. ಆದರೆ ಹಾಗೆಯೇ ಬಿಟ್ಟರೆ ಬ್ರೇಕ್‌ಪಾಯಿಂಟು ಹೊರಟುಹೋಗಿರುತ್ತದೆ. ಮುಂದಿನ ಸುತ್ತಿನಲ್ಲಿ ತಡೆಯಾಗದು. ಅದಕ್ಕಾಗಿ ಪ್ರೊಸೆಸರಿನಲ್ಲಿ "ಒಂದೇ ಹೆಜ್ಜೆ" ಎಂಬ ಸಂಜ್ಞೆಯೊಂದಿದೆ. ಅದನ್ನು ಎತ್ತಿ ಬಿಟ್ಟರೆ ಪ್ರೊಸೆಸರು ಒಂದೇ ಆದೇಶವನ್ನು ಪೂರೈಸಿ ೧ನೆಯ ಸ್ಥಾನಕ್ಕೆ ಬರುತ್ತದೆ. ಆಗ ೨೦೪ನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ, ಸಂಜ್ಞೆಯನ್ನು ಇಳಿಸಿ, ಕ್ರಮವಿಧಿಯನ್ನು ಅದರ ಪಾಡಿಗೆ ಓಡಲು ಬಿಡುತ್ತಾರೆ.

ಬ್ರೇಕ್‌ಪಾಯಿಂಟು ಒಂದೇ ಬೈಟಿನದಾಗಿರುವುದು ಏಕೆಂದು ಕೇಳಬಹುದು. ಇಂಟೆಲ್ ಆದೇಶಗಳಲ್ಲಿ ಅತಿ ಗಿಡ್ಡವಾದವು ಒಂದು ಬೈಟಿನವು. ಬ್ರೇಕ್‌ಪಾಯಿಂಟು ಎರಡು ಬೈಟಿನದಾಗಿದ್ದರೆ ಪಕ್ಕದ ಆದೇಶವನ್ನು ಒತ್ತರಿಸುತ್ತಿತ್ತು. ಬೇರೆ ದಾರಿಯಿಂದ ಆ ಪಕ್ಕದ ಆದೇಶಕ್ಕೇ ನೇರವಾಗಿ ನೆಗೆದು ಬಂದ ಪ್ರೊಸೆಸರು ಅರ್ಧ ಬ್ರೇಕ್‌ಪಾಯಿಂಟಿನ ಮೇಲೆ ಬಿದ್ದು ಮುಗ್ಗರಿಸುತ್ತಿತ್ತು. ಎರವಲಾಗಿ ಪಡೆದದ್ದನ್ನು ಮೊದಲಿದ್ದಂತೆಯೇ ಹಿಂದಿರುಗಿಸುವ ಎಚ್ಚರ ಇಲ್ಲಿಯೂ ಕಾಣುತ್ತದೆ. ಆದೇಶಗಳನ್ನು ಮುಟ್ಟದೆಯೇ ಕಾವಲು ಕಾಯುವ ನಾಲ್ಕು ರಿಜಿಸ್ಟರುಗಳು ೧೯೮೫ರ ೮೦೩೮೬ ಪ್ರೊಸೆಸರಿನಲ್ಲಿ ಬಂದುವು. ಸ್ಮೃತಿಯ ಒಂದು ಸ್ಥಾನಕ್ಕೆ ಯಾರು ಬರೆದರೂ ತನಗೆ ತಿಳಿಸು ಎಂದು ಅವುಗಳ ಮೂಲಕ ಹೇಳಬಹುದು. ಎಣಿಕೆಯನ್ನು ಕೆಡಿಸುತ್ತಿರುವವರು ಯಾರೆಂದು ಹಿಡಿಯಲು ಇದಕ್ಕಿಂತ ನೇರವಾದ ಉಪಾಯವಿಲ್ಲ.

ಕರ್ನೆಲ್ಲಿನ ದೋಷವನ್ನೇ ಶೋಧಿಸಬೇಕಾದಾಗ ಹೊಸ ಸಮಸ್ಯೆ ಏಳುತ್ತದೆ. ಸಾಮಾನ್ಯ ಕ್ರಮವಿಧಿ ನಿಂತರೆ ಕರ್ನೆಲ್ ನಡೆಯುತ್ತಿರುತ್ತದೆ; ಅದರ ಸಹಾಯದಿಂದ ಡಿಬಗರು ಪರದೆಯ ಮೇಲೆ ಬರೆಯುತ್ತದೆ, ಕೀಲಿಗಳನ್ನು ಓದುತ್ತದೆ. ಕರ್ನೆಲ್ಲೇ ನಿಂತರೆ ಬರೆಯುವವರು ಯಾರು? ಆಗ ಎರಡನೆಯ ಗಣಕಯಂತ್ರವೊಂದನ್ನು ತಂತಿಯ ಮೂಲಕ ಜೋಡಿಸಿ, ಡಿಬಗರಿನ ಬಹುಭಾಗವನ್ನು ಅಲ್ಲಿ ನಡೆಸುತ್ತಾರೆ. ನಿಂತ ಯಂತ್ರದಲ್ಲಿ ಒಂದು ಪುಟ್ಟ ಪ್ರತಿನಿಧಿ ಮಾತ್ರ ಎಚ್ಚರವಾಗಿದ್ದು, ತಂತಿಯಲ್ಲಿ ಬಂದ ಪ್ರಶ್ನೆಗಳಿಗೆ ಉತ್ತರಿಸುತ್ತಿರುತ್ತದೆ. ಲಿನಕ್ಸ್ ಕರ್ನೆಲ್ಲಿನಲ್ಲಿ ಇಂಥ ಪ್ರತಿನಿಧಿ ೨೦೦೮ರಿಂದ ಅಧಿಕೃತವಾಗಿ ಇದೆ. ಇಂಟರಪ್ಟುಗಳಿಗೆ ಬಾಗಿಲು ಮುಚ್ಚಿರುವುದರಿಂದ ಆ ಪ್ರತಿನಿಧಿ ತಂತಿಯನ್ನು ನೋಡುವುದು ಪೋಲಿಂಗ್ ಪದ್ಧತಿಯಿಂದ! ಎಲ್ಲ ಸೌಕರ್ಯಗಳೂ ಕೈಕೊಟ್ಟ ಮೇಲೆ ಹಾಲು ಕಾಯುವ ಪದ್ಧತಿಯೇ ಗತಿ.

ಇದಕ್ಕಿಂತಲೂ ಕೆಟ್ಟ ಸ್ಥಿತಿ ಒಂದುಂಟು. ಕರ್ನೆಲ್ ಬಾಗಿಲು ಮುಚ್ಚಿಕೊಂಡು, ತೆರೆಯುವ ಹೆಜ್ಜೆಯನ್ನು ತಲಪುವ ಮೊದಲೇ ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿಕೊಂಡರೆ ಯಾವ ಕರೆಯೂ ಒಳಗೆ ಹೋಗದು. ಕೀಲಿಮಣೆ, ಇಲಿ, ಗಡಿಯಾರ ಎಲ್ಲವೂ ಮೂಕ. ಇಂಥ ಸಮಯಕ್ಕೆಂದು, ಮುಚ್ಚಿದ ಬಾಗಿಲನ್ನೂ ಲೆಕ್ಕಿಸದೆ ಒಳನುಗ್ಗುವ ಒಂದು ಇಂಟರಪ್ಟ್ ಇದೆ. ಕೋಷ್ಟಕದಲ್ಲಿ ಅದರ ಸ್ಥಾನ ೨. ಲಿನಕ್ಸಿನಲ್ಲಿ ಇದನ್ನು ಕಾವಲುಗಾರನಂತೆ ಬಳಸಬಹುದು. ಆಗಾಗ ಒಳಹೊಕ್ಕು, ಸಾಧಾರಣ ಗಡಿಯಾರದ ಕರೆಗಳ ಎಣಿಕೆ ಏರುತ್ತಿದೆಯೆ ಎಂದು ಅದು ನೋಡುತ್ತದೆ. ಸುಮಾರು ೧೦ ಸೆಕೆಂಡು ಕಳೆದರೂ ಎಣಿಕೆ ಏರದಿದ್ದರೆ ಪ್ರೊಸೆಸರು ಎಲ್ಲಿ ಸಿಕ್ಕಿಕೊಂಡಿದೆಯೆಂಬುದನ್ನು ವರದಿ ಮಾಡುತ್ತದೆ.

ಆದರೆ ಡೈಕ್‌ಸ್ಟ್ರಾನ ಭೀತಿ ಇಷ್ಟರಿಂದ ತೀರಿತೆನ್ನಲಾಗದು. ಡಿಬಗರು ರಿಜಿಸ್ಟರುಗಳನ್ನೂ ಸ್ಮೃತಿಯನ್ನೂ ಇದ್ದಂತೆಯೇ ಹಿಂದಕ್ಕೆ ಕೊಡಬಲ್ಲುದು. ಕಳೆದ ಕಾಲವನ್ನು ಕೊಡಲಾರದು. ೧ ನ್ಯಾನೊಸೆಕೆಂಡಿನ ಬಾಗಿಲಿನಲ್ಲಿ ಬಿದ್ದರೆ ಮಾತ್ರ ಕಾಣುವ ದೋಷವನ್ನು ಅರಸುತ್ತ ಕ್ರಮವಿಧಿಯನ್ನು ಅರ್ಧ ನಿಮಿಷ ನಿಲ್ಲಿಸಿದರೆ, ಅರಸಬೇಕಾದ ಸಂದರ್ಭವೇ ಇರುವುದಿಲ್ಲ. ನಿಲ್ಲಿಸದೆ, ನಡುನಡುವೆ ಒಂದೊಂದು ಸಾಲಿನ ವರದಿಯನ್ನು ತಂತಿಯಲ್ಲಿ ಕಳುಹಿಸಿದರೆ ಆಗದೆ? ಸೆಕೆಂಡಿಗೆ ೧,೧೫,೨೦೦ ಬಿಟ್ಟುಗಳ ವೇಗದ ತಂತ್ರಿಯಲ್ಲಿ ಒಂದು ಅಕ್ಷರಕ್ಕೆ ೧೦ ಬಿಟ್ಟುಗಳಂತೆ ೮೦ ಅಕ್ಷರಗಳ ಒಂದು ಸಾಲು ಹೋಗಲು ೭ ಮಿಲಿಸೆಕೆಂಡು ಹಿಡಿಯುತ್ತದೆ; ಆ ಬಾಗಿಲಿನ ೭೦ ಲಕ್ಷದಷ್ಟು. ವರದಿಯ ಸಾಲನ್ನು ಸೇರಿಸಿದೊಡನೆ ಮಾಯವಾಗಿ, ತೆಗೆದೊಡನೆ ಮರಳುವ ದೋಷಗಳನ್ನು ಈ ಕಸುಬಿನವರು ಹೈಸನ್‌ಬರ್ಗನ ಹೆಸರಿನ ಮೇಲೆ ವಿನೋದವಾಗಿ "ಹೈಸನ್‌ಬಗ್" ಎನ್ನುತ್ತಾರೆ. ಹೋಲಿಕೆ ಅಷ್ಟು ಸರಿಯಲ್ಲವೆಂದು ನನ್ನ ಎಣಿಕೆ. ಇದರಲ್ಲಿ ಅನಿಶ್ಚಿತತೆಯ ತತ್ತ್ವವೇನೂ ಇಲ್ಲ. ಹೆಚ್ಚಿನ ರೋಧವುಳ್ಳ ಮಂಡಲಕ್ಕೆ ಕಡಿಮೆ ರೋಧದ ವೋಲ್ಟ್‌ಮೀಟರನ್ನು ಜೋಡಿಸಿದರೆ, ಅದು ತಾನೇ ವಿದ್ಯುತ್ತನ್ನು ಎಳೆದುಕೊಂಡು ಅಳೆಯಬೇಕಾದ ವೋಲ್ಟೇಜನ್ನು ಕುಗ್ಗಿಸುತ್ತದೆ. ಪ್ರಯೋಗಶಾಲೆಯ ಈ ಅನುಭವವೇ ಸರಿಯಾದ ಹೋಲಿಕೆ. ಅಲ್ಲಿ ಮಾಡುವಂತೆ ಇಲ್ಲಿಯೂ ಹೆಚ್ಚಿನ ರೋಧದ ಮಾಪಕವನ್ನು ಹುಡುಕಬೇಕು.

ಅಂಥ ಮಾಪಕವೆಂದರೆ, ವರದಿಯನ್ನು ಹೊರಗೆ ಕಳುಹಿಸದೆ ಸ್ಮೃತಿಯಲ್ಲಿಯೇ ಚಿಕ್ಕ ಚಿಕ್ಕ ಗುರುತುಗಳಾಗಿ ಬರೆದಿಡುವುದು. ಜಾಗ ತುಂಬಿದರೆ ಹಳೆಯದರ ಮೇಲೆಯೇ ಹೊಸದನ್ನು ಬರೆಯುವುದು. ದೋಷ ಕಂಡ ಮೇಲೆ ಅದನ್ನು ಓದುವುದು. ೨೦೦೪ರಲ್ಲಿ ಲಿನಕ್ಸ್ ಕರ್ನೆಲ್ಲಿಗೆ ಸೇರಿದ ಕೆಪ್ರೋಬ್ಸ್ ಎಂಬ ಸಾಧನವೂ ಇದೇ ಜಾತಿಗೆ ಸೇರಿದ್ದು. ಅದನ್ನು ಬೆಳೆಸಿದವರಲ್ಲಿ ಬೆಂಗಳೂರಿನಲ್ಲಿದ್ದ ಐ.ಬಿ.ಎಂ. ಎಂಜಿನಿಯರುಗಳೂ ಇದ್ದರು. ನಡೆಯುತ್ತಿರುವ ಕರ್ನೆಲ್ಲಿನಲ್ಲಿ ಬೇಕಾದಲ್ಲಿ ಬ್ರೇಕ್‌ಪಾಯಿಂಟನ್ನು ಇಟ್ಟು, ಅಲ್ಲಿಗೆ ಬಂದಾಗ ನಿಲ್ಲಿಸದೆ ಒಂದು ಚಿಕ್ಕ ಟಿಪ್ಪಣಿಯನ್ನಷ್ಟೆ ಮಾಡಿಕೊಂಡು ಮುಂದೆ ಬಿಡುವುದು ಅದರ ರೀತಿ. ಬ್ರೇಕ್‌ಪಾಯಿಂಟಿನ ವಿಚಾರಣೆ ಮಾಡುವ ಭಾಗದಲ್ಲಿಯೇ ಬ್ರೇಕ್‌ಪಾಯಿಂಟನ್ನು ಇಡಲು ಮಾತ್ರ ಅದು ಒಪ್ಪುವುದಿಲ್ಲ. ಕಾರಣವನ್ನು ವಾಚಕರೇ ಊಹಿಸಬಹುದು.

ಇಂಥ ಗುರುತುಗಳ ಬೆಲೆ ಎಷ್ಟೆಂಬುದು ೧೯೯೭ರಲ್ಲಿ ತಿಳಿದುಬಂತು. ಆ ವರ್ಷದ ಜುಲೈ ೪ರಂದು ಅಮೆರಿಕದ ಪಾತ್‌ಫೈಂಡರ್ ನೌಕೆ ಮಂಗಳಗ್ರಹದ ಮೇಲಿಳಿಯಿತು. ಕೆಲವು ದಿನಗಳಲ್ಲಿ ಅದರ ಗಣಕಯಂತ್ರವು ತನ್ನಷ್ಟಕ್ಕೆ ತಾನೇ ನಿಂತು ಮೊದಲಿನಿಂದ ಆರಂಭವಾಗತೊಡಗಿತು. ಪ್ರತಿ ಬಾರಿಯೂ ಅಂದಿನ ಉಳಿದ ಕೆಲಸ ಕೆಡುತ್ತಿತ್ತು. ಭೂಮಿಯಿಂದ ಕೋಟ್ಯಂತರ ಕಿಲೊಮೀಟರು ದೂರದಲ್ಲಿರುವ ಯಂತ್ರಕ್ಕೆ ಎರಡನೆಯ ಗಣಕವನ್ನು ತಂತಿಯಿಂದ ಜೋಡಿಸುವಂತಿಲ್ಲ. ಕ್ಯಾಲಿಫೋರ್ನಿಯದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಎಂಜಿನಿಯರುಗಳು ತಮ್ಮಲ್ಲಿದ್ದ ನೌಕೆಯ ಪ್ರತಿರೂಪದಲ್ಲಿ ಅದೇ ತಂತ್ರಾಂಶವನ್ನು, ಗುರುತು ಬರೆಯುವ ಸೌಕರ್ಯದೊಡನೆ, ಓಡಿಸುತ್ತ ಕಾದರು. ಕಡೆಗೆ ಪ್ರತಿರೂಪವೂ ಹಾಗೆಯೇ ನಿಂತಿತು, ಗುರುತುಗಳನ್ನು ಓದಿದರು.

ಕಾರಣವಿಷ್ಟೆ. ಹವಾಮಾನದ ಅಳತೆಗಳನ್ನು ನೋಡಿಕೊಳ್ಳುವ ಕೆಳದರ್ಜೆಯ ಕೆಲಸವೊಂದು ಹಂಚಿಕೆಯ ಒಂದು ಬೀಗವನ್ನು ಕ್ಷಣಕಾಲ ಹಿಡಿದಿರುತ್ತಿತ್ತು. ಮೇಲ್ದರ್ಜೆಯ ಕೆಲಸಕ್ಕೆ ಅದೇ ಬೀಗ ಬೇಕಾಗಿ ಅದು ಕಾಯುತ್ತಿರುವಾಗ, ಸರಿಯಾಗಿ ಆ ಕಿರಿದಾದ ಬಾಗಿಲಿನಲ್ಲಿ ಇಂಟರಪ್ಟ್ ಬಂದು ನಡುದರ್ಜೆಯ ದೀರ್ಘವಾದ ಕೆಲಸವೊಂದನ್ನು ಎಬ್ಬಿಸಿಬಿಡುತ್ತಿತ್ತು. ಅದು ಕೆಳದರ್ಜೆಯದನ್ನು ಬದಿಗೊತ್ತುತ್ತಿತ್ತು, ಬೀಗ ಬಿಡುಗಡೆಯಾಗುತ್ತಿರಲಿಲ್ಲ, ಮೇಲ್ದರ್ಜೆಯ ಕೆಲಸ ಕಾದೇ ಇರುತ್ತಿತ್ತು. ಅದು ಸಕಾಲದಲ್ಲಿ ಮುಗಿಯದಿದ್ದುದನ್ನು ಕಂಡ ಕಾವಲಿನ ವ್ಯವಸ್ಥೆ ಏನೋ ಅನಾಹುತವಾಗಿದೆಯೆಂದು ಬಗೆದು ಯಂತ್ರವನ್ನು ಮೊದಲಿನಿಂದ ಆರಂಭಿಸುತ್ತಿತ್ತು. ಬೀಗ ಹಿಡಿದಿರುವ ಕೆಲಸಕ್ಕೆ, ಅದನ್ನು ಕಾಯುತ್ತಿರುವವರ ದರ್ಜೆಯನ್ನೇ ತಾತ್ಕಾಲಿಕವಾಗಿ ಕೊಡುವ ಏರ್ಪಾಡು ಆ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಮೊದಲಿನಿಂದಲೂ ಇತ್ತು. ಆ ಬೀಗಕ್ಕೆ ಮಾತ್ರ ಅದನ್ನು ಚಾಲನೆಗೊಳಿಸಿರಲಿಲ್ಲ. ಚಾಲನೆಗೊಳಿಸುವ ತಿದ್ದುಪಡಿಯನ್ನು ಭೂಮಿಯಿಂದ ರೇಡಿಯೋ ಮೂಲಕ ಕಳುಹಿಸಿದರು. ಆ ಮೇಲೆ ಯಂತ್ರವು ಈ ಕಾರಣದಿಂದ ನಿಲ್ಲಲಿಲ್ಲ.